ಹಿರಿಯರ ಖಾತೆಗೆ ಯಾವ ದಾರಿ ಸುರಕ್ಷಿತ? ಶಾಖೆ, ಎಟಿಎಂ, ನೆಟ್ ಬ್ಯಾಂಕಿಂಗ್, ಆ್ಯಪ್, ಯುಪಿಐ: ಒಂದು ಹೋಲಿಕೆ

‘ಆನ್‌ಲೈನ್ ಸಹವಾಸವೇ ಬೇಡ, ಪಾಸ್‌ಬುಕ್ ಒಂದಿದ್ದರೆ ಸಾಕು’ ಎನ್ನುವ ಹಿರಿಯರು ಬಹಳ ಮನೆಗಳಲ್ಲಿದ್ದಾರೆ. ಅವರ ಎಚ್ಚರಿಕೆ ತಪ್ಪಲ್ಲ, ಆದರೆ ಅಷ್ಟರಿಂದಲೇ ಖಾತೆ ಭದ್ರವಾಗುವುದಿಲ್ಲ. 2023ರಲ್ಲಿ ಬೆಂಗಳೂರಿನ ಕೆಲವರ ಖಾತೆಗಳಿಂದ ಓಟಿಪಿ, ಪಿನ್ ಯಾವುದೂ ಇಲ್ಲದೆ ಹಣ ಹೋಯಿತು. ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಾದ ಎಇಪಿಎಸ್ ಮೂಲಕ ಹಣ ತೆಗೆದಿದ್ದರು. ಇಂಥ ಕಳ್ಳತನಕ್ಕೆ ಖಾತೆದಾರರ ಕೈಯಲ್ಲಿ ಸ್ಮಾರ್ಟ್‌ಫೋನ್ ಇರಬೇಕೆಂದೇ ಇಲ್ಲ.

ಹಾಗಾಗಿ ಆನ್‌ಲೈನ್ ಬೇಕೇ ಬೇಡವೇ ಎಂಬುದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಒಂದೊಂದು ದಾರಿಯಿಂದ, ತಪ್ಪಾದರೆ, ಒಂದೇ ದಿನದಲ್ಲಿ ಎಷ್ಟು ಹಣ ಹೊರಗೆ ಹೋಗಬಹುದು? ಎಲ್ಲ ದಾರಿಗಳೂ ಒಂದೇ ಖಾತೆಗೆ ಸೇರಿದ್ದರೆ, ಆ ಖಾತೆಯಲ್ಲಿ ನಿವೃತ್ತಿಯ ಇಡೀ ಗಂಟು ಇದ್ದರೆ, ಯಾವ ಆ್ಯಪ್ ಆಯ್ದುಕೊಂಡರೂ ಅಪಾಯ ಅಷ್ಟೇ.

ಮೊದಲ ಕೆಲಸ: ಖಾತೆ ಎರಡಾಗಲಿ

ಒಂದು ಖಾತೆ ದೊಡ್ಡದು. ಪಿಂಚಣಿ, ಬಡ್ಡಿ, ಉಳಿತಾಯ ಎಲ್ಲ ಇಲ್ಲಿಗೆ ಬರಲಿ. ಇದಕ್ಕೆ ಯುಪಿಐ ಜೋಡಿಸಬೇಡಿ, ಡೆಬಿಟ್ ಕಾರ್ಡ್ ತೆಗೆದುಕೊಳ್ಳಬೇಡಿ. ಇನ್ನೊಂದು ಖಾತೆ ಚಿಕ್ಕದು. ತಿಂಗಳ ಖರ್ಚಿಗೆ ಬೇಕಾದ 10,000 ಅಥವಾ 15,000 ರೂಪಾಯಿಯನ್ನು ಬ್ಯಾಂಕಿಗೆ ಒಮ್ಮೆ ಸ್ಥಾಯಿ ಸೂಚನೆ (ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್) ಕೊಟ್ಟು ದೊಡ್ಡ ಖಾತೆಯಿಂದ ಇದಕ್ಕೆ ತಾನಾಗಿ ಬರುವಂತೆ ಮಾಡಿಸಿ. ಕಾರ್ಡು, ಯುಪಿಐ, ಆ್ಯಪ್ ಏನಿದ್ದರೂ ಈ ಚಿಕ್ಕ ಖಾತೆಗೆ. ಎರಡೂ ಬೇರೆ ಬೇರೆ ಬ್ಯಾಂಕಿನಲ್ಲಿದ್ದರೆ ಇನ್ನೂ ಒಳ್ಳೆಯದು. ಒಂದೇ ಬ್ಯಾಂಕಿನಲ್ಲಿದ್ದರೆ ಒಂದೇ ಗ್ರಾಹಕ ಸಂಖ್ಯೆಯಡಿ ಎರಡೂ ಆ್ಯಪ್‌ನಲ್ಲಿ ಕಾಣಿಸಿಕೊಳ್ಳುತ್ತವೆ, ಬೇರ್ಪಡಿಸಿದ ಉದ್ದೇಶವೇ ಹಾಳಾಗುತ್ತದೆ. ಚಿಕ್ಕ ಖಾತೆಗೆ ಕನಿಷ್ಠ ಬ್ಯಾಲೆನ್ಸ್ ಎಷ್ಟಿರಬೇಕು, ಇಲ್ಲದಿದ್ದರೆ ದಂಡ ಎಷ್ಟು ಎಂದು ತೆರೆಯುವಾಗಲೇ ಕೇಳಿ.

ದೊಡ್ಡ ಖಾತೆಯನ್ನು ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿಯೇ ನಡೆಸುವ ಜಂಟಿ ಖಾತೆ ಮಾಡಿದರೆ ಸಾಮಾನ್ಯವಾಗಿ ಅದಕ್ಕೆ ಯುಪಿಐ, ಎಟಿಎಂ ಸಿಗುವುದೇ ಇಲ್ಲ. ಭದ್ರತೆಯ ದೃಷ್ಟಿಯಿಂದ ಇದು ಗಟ್ಟಿ ಬೀಗ. ಆದರೆ ಒಬ್ಬರು ಆಸ್ಪತ್ರೆ ಸೇರಿದರೆ ಹಣ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಆದ್ದರಿಂದ ಒಂದಿಷ್ಟು ಮೊತ್ತ ಒಬ್ಬರೇ ತೆಗೆಯಬಹುದಾದ ಕಡೆ ಇರಲೇಬೇಕು.

ಎಫ್‌ಡಿಯ ವಿಷಯದಲ್ಲಿ ಬಹಳ ಜನ ಏಮಾರುತ್ತಾರೆ. ಆ್ಯಪ್‌ನಲ್ಲಿ ಅಥವಾ ನೆಟ್ ಬ್ಯಾಂಕಿಂಗ್‌ನಲ್ಲಿ ತೆರೆದ ಎಫ್‌ಡಿಯನ್ನು ಅಲ್ಲಿಂದಲೇ ಮುರಿಯಬಹುದು, ಅದರ ಆಧಾರದ ಮೇಲೆ ಓವರ್‌ಡ್ರಾಫ್ಟ್ ಎಂಬ ಸಾಲ ತೆಗೆಯಬಹುದು. ವಂಚಕರ ಕೈಗೆ ಲಾಗಿನ್ ಸಿಕ್ಕಿದರೆ ಅವರು ಉಳಿತಾಯ ಖಾತೆಯ ಬ್ಯಾಲೆನ್ಸ್‌ಗೆ ತೃಪ್ತಿಪಡುವುದಿಲ್ಲ. ಎಫ್‌ಡಿ ಮುರಿದು ಉಳಿತಾಯ ಖಾತೆಗೆ ತಂದು, ಅಲ್ಲಿಂದ ಸಾಗಿಸುತ್ತಾರೆ. ಶಾಖೆಯಲ್ಲಿ ಅರ್ಜಿ ಕೊಟ್ಟು ಎಫ್‌ಡಿ ತೆರೆಯಿರಿ, ರಸೀದಿ ಪಡೆಯಿರಿ, ‘ಇದನ್ನು ಆನ್‌ಲೈನ್‌ನಲ್ಲಿ ಮುರಿಯಲು ಆಗುತ್ತದೆಯೇ’ ಎಂದು ಕೇಳಿ. ಆಗುತ್ತದೆ ಎಂದರೆ ಅದನ್ನು ನಿಲ್ಲಿಸಲು ಬರೆದುಕೊಡಿ. ಆ್ಯಪ್‌ನಲ್ಲಿ ‘ನಿಮಗೆ ಮಂಜೂರಾದ ಸಾಲ’ ಎಂದು ಕಾಣುವುದನ್ನೂ ತೆಗೆಸಿ. ಒಂದು ಓಟಿಪಿಯಲ್ಲಿ ನಿಮ್ಮ ಹೆಸರಿಗೆ ಸಾಲ ಎತ್ತಿ, ಆ ಹಣವನ್ನೂ ಒಯ್ದ ಪ್ರಕರಣಗಳಿವೆ.

ಶಾಖೆ ಮತ್ತು ಚೆಕ್ಕು

ಕೌಂಟರಿನ ಆಚೆ ಒಬ್ಬ ಮನುಷ್ಯ ಇರುತ್ತಾನೆ ಎನ್ನುವುದೇ ಶಾಖೆಯ ದೊಡ್ಡ ರಕ್ಷಣೆ. ‘ಇಷ್ಟೊಂದು ಹಣ ಯಾರಿಗೆ ಕಳಿಸುತ್ತಿದ್ದೀರಿ’ ಎಂಬ ಒಂದು ಪ್ರಶ್ನೆ ಎಷ್ಟೋ ಮೋಸ ತಪ್ಪಿಸಿದೆ. ಹಾಗೆಂದು ಇದು ಪೂರ್ಣ ರಕ್ಷಣೆಯಲ್ಲ. ಪೊಲೀಸರೆಂದು ಹೇಳಿಕೊಂಡು, ವಿಡಿಯೊ ಕರೆಯಲ್ಲೇ ‘ಡಿಜಿಟಲ್ ಅರೆಸ್ಟ್’ ಮಾಡಿದ್ದೇವೆ ಎಂದು ಹೆದರಿಸಿದವರ ಮಾತು ಕೇಳಿ, ಅವರು ಹೇಳಿಕೊಟ್ಟ ಉತ್ತರವನ್ನೇ ಮ್ಯಾನೇಜರಿಗೆ ಒಪ್ಪಿಸಿ, ದೊಡ್ಡ ಮೊತ್ತ ಕಳಿಸುವ ಆರ್‌ಟಿಜಿಎಸ್ ಮಾಡಿ ಬಂದವರಿದ್ದಾರೆ. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎನ್ನುವುದೇ ಇಲ್ಲ. ವಿಡಿಯೊ ಕರೆಯಲ್ಲಿ ಪೊಲೀಸ್ ಸಮವಸ್ತ್ರ ಕಂಡರೆ ಕರೆ ಕತ್ತರಿಸುವುದೊಂದೇ ಕೆಲಸ.

ಹಿರಿಯರಿಗೆ ಶಾಖೆಯಲ್ಲಿ ಸಿಗಬೇಕಾದದ್ದನ್ನು ರಿಸರ್ವ್ ಬ್ಯಾಂಕ್ 2017ರ ನವೆಂಬರ್ ಸುತ್ತೋಲೆಯಲ್ಲೇ ಹೇಳಿದೆ: ಆದ್ಯತೆಯ ಕೌಂಟರ್, ಕೇಳಿದರೆ ವರ್ಷಕ್ಕೆ 25 ಚೆಕ್ ಹಾಳೆ ಉಚಿತ, 70 ದಾಟಿದವರಿಗೆ ಮತ್ತು ಓಡಾಡಲಾಗದವರಿಗೆ ಮನೆಬಾಗಿಲಿಗೆ ನಗದು ಮತ್ತು ಚೆಕ್ ಸೇವೆ. ಮನೆಬಾಗಿಲ ಸೇವೆಗೆ ಶುಲ್ಕ ಇರಬಹುದು, ಎಲ್ಲ ಊರಿನಲ್ಲೂ ಸಿಗದಿರಬಹುದು, ಶಾಖೆಯಲ್ಲಿ ವಿಚಾರಿಸಿ. ಬರುವವರ ಗುರುತು ಕೋಡ್ ಹೊಂದಿಸಿ ನೋಡದೆ ಏನನ್ನೂ ಕೈಗೆ ಕೊಡಬೇಡಿ.

50,000 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ಚೆಕ್ ಬರೆದಾಗ ಪಾಸಿಟಿವ್ ಪೇ ಬಳಸಿ. ಚೆಕ್ ಸಂಖ್ಯೆ, ದಿನಾಂಕ, ಯಾರ ಹೆಸರಿಗೆ, ಎಷ್ಟು ಎಂದು ಬ್ಯಾಂಕಿಗೆ ಮೊದಲೇ ತಿಳಿಸಿದರೆ, ತಿದ್ದಿದ ಚೆಕ್ ಪಾಸಾಗುವುದಿಲ್ಲ. 5 ಲಕ್ಷ ಮತ್ತು ಮೇಲ್ಪಟ್ಟದ್ದಕ್ಕೆ ಇದನ್ನು ಕಡ್ಡಾಯ ಮಾಡಿರುವ ಬ್ಯಾಂಕುಗಳಿವೆ; ತಿಳಿಸದಿದ್ದರೆ ಚೆಕ್ ವಾಪಸಾಗುತ್ತದೆ. ಕೈ ನಡುಗಿ ಸಹಿ ಬದಲಾಗಿದ್ದರೆ ಹೊಸ ಸಹಿಯನ್ನು ಶಾಖೆಯಲ್ಲಿ ದಾಖಲಿಸಿ. ವಯಸ್ಸಾದವರ ಚೆಕ್ ವಾಪಸಾಗಲು ಇದೊಂದು ಸಾಮಾನ್ಯ ಕಾರಣ.

ಹಳೆಯ ಸಿಂಡಿಕೇಟ್, ವಿಜಯಾ, ಕಾರ್ಪೊರೇಷನ್ ಬ್ಯಾಂಕಿನ ಗ್ರಾಹಕರಿಗೆ ಒಂದು ಮಾತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೂ, 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೂ ಸೇರಿ ಬಹಳ ಕಾಲವಾಯಿತು. ‘ವಿಲೀನದಿಂದ ನಿಮ್ಮ ಖಾತೆ ಬಂದ್ ಆಗುತ್ತದೆ, ಈಗಲೇ ಕೆವೈಸಿ ಮಾಡಿ’ ಎಂದು ಇನ್ನೂ ಯಾರಾದರೂ ಕರೆ ಮಾಡಿದರೆ ಸುಳ್ಳು. ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ಈ ಕರೆ ಹೆಚ್ಚು ನಿಜವೆನಿಸಬಹುದು, ಯಾಕೆಂದರೆ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಂದು ಒಂದಾಗಿವೆ. ಕೆವೈಸಿ ಬಾಕಿಯಿದ್ದರೆ ಪಾಸ್‌ಬುಕ್ ಹಿಡಿದು ಶಾಖೆಗೇ ಹೋಗಿ.

ಶಾಖೆಯನ್ನೇ ನೆಚ್ಚಿದವರ ನಿಜವಾದ ತೊಂದರೆ ಬೇರೆ: ಹಣ ಹೋದದ್ದು ತಿಳಿಯುವುದು ಮುಂದಿನ ಸಲ ಪಾಸ್‌ಬುಕ್ ಮುದ್ರಿಸಿದಾಗ. ಆನ್‌ಲೈನ್ ಬೇಡವೆಂದರೂ ಈಗ ಕೈಯಲ್ಲಿರುವ ಮೊಬೈಲ್ ನಂಬರು ಖಾತೆಯಲ್ಲಿರಬೇಕು, ಪ್ರತಿ ವ್ಯವಹಾರಕ್ಕೂ ಮೆಸೇಜು ಬರಬೇಕು. ರೀಚಾರ್ಜ್ ಮಾಡದೆ ಬಿಟ್ಟ ನಂಬರನ್ನು ಕಂಪನಿ ಬೇರೆಯವರಿಗೆ ಕೊಡುತ್ತದೆ. ಆಮೇಲೆ ನಿಮ್ಮ ಓಟಿಪಿ ಹೋಗುವುದು ಆ ಅಪರಿಚಿತರಿಗೆ.

ಬೆರಳಚ್ಚಿನ ದಾರಿ ಮುಚ್ಚಿಡಿ

ಎಇಪಿಎಸ್‌ಗೆ ಬೇಕಾಗುವುದು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು ಇಷ್ಟೇ. ಹಳ್ಳಿಯಲ್ಲಿ ಬ್ಯಾಂಕಿನ ಪ್ರತಿನಿಧಿಗಳಾದ ಬ್ಯಾಂಕ್ ಮಿತ್ರರ ಬಳಿ ಹಣ ಪಡೆಯುವವರಿಗೆ ಇದು ಅನುಕೂಲ, ಅದನ್ನು ಬಳಸದವರಿಗೆ ಸುಮ್ಮನೆ ತೆರೆದಿಟ್ಟ ದಾರಿ. ಎಂಆಧಾರ್ ಆ್ಯಪ್ ಅಥವಾ ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಬಹುದು. ಲಾಕ್ ಮಾಡಿದ ಮೇಲೆ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ತೆಗೆದುಕೊಳ್ಳುವುದಿಲ್ಲ. ನವೆಂಬರಿನಲ್ಲಿ ಜೀವನ ಪ್ರಮಾಣ ಪತ್ರ ಮಾಡಿಸಲೂ ಆಗುವುದಿಲ್ಲ. ಆ ಹೊತ್ತಿಗೆ ತಾತ್ಕಾಲಿಕವಾಗಿ ತೆರೆಯಬೇಕು. ಪ್ರತಿ ತಿಂಗಳು ರೇಷನ್ ತರುವವರಿಗೆ ಇದು ಕಿರಿಕಿರಿ. ಅಂಥವರು ಶಾಖೆಗೆ ಹೋಗಿ ದೊಡ್ಡ ಖಾತೆಯಿಂದ ಆಧಾರ್ ಮೂಲಕ ಹಣ ತೆಗೆಯುವ ಸೌಲಭ್ಯವನ್ನು ನಿಲ್ಲಿಸಲು ಬರೆದುಕೊಡುವುದು ಸುಲಭ.

ಎಟಿಎಂ ಕಾರ್ಡ್

ಇಲ್ಲಿನ ಹಳೆಯ ಮೋಸ ಇನ್ನೂ ನಡೆಯುತ್ತಿದೆ: ‘ಅಜ್ಜಾ, ಕೊಡಿ ನಾನು ತೆಗೆದುಕೊಡ್ತೀನಿ’ ಎಂದು ಕಾರ್ಡ್ ಪಡೆದು, ಪಿನ್ ನೋಡಿಕೊಂಡು, ಅದೇ ಬಣ್ಣದ ಬೇರೆ ಕಾರ್ಡ್ ಕೈಗಿಡುವುದು. ಕಾರ್ಡ್ ವಾಪಸ್ ಪಡೆದಾಗ ಅದರ ಮೇಲಿನ ಹೆಸರು ಓದಿ. ಶಾಖೆಗೆ ಅಂಟಿಕೊಂಡಿರುವ ಎಟಿಎಂಗೆ ಕೆಲಸದ ವೇಳೆಯಲ್ಲೇ ಹೋಗಿ. ತೊಂದರೆಯಾದರೆ ಒಳಗೆ ಹೋಗಿ ಹೇಳಬಹುದು. ಸ್ಟೇಟ್ ಬ್ಯಾಂಕ್ 2020ರಿಂದ ತನ್ನ ಎಟಿಎಂಗಳಲ್ಲಿ 10,000 ರೂಪಾಯಿ ಮತ್ತು ಮೇಲ್ಪಟ್ಟ ಮೊತ್ತಕ್ಕೆ ಓಟಿಪಿ ಕೇಳುತ್ತದೆ, ಆದ್ದರಿಂದ ಫೋನ್ ಜೊತೆಗಿರಬೇಕು.

ಕಾರ್ಡಿನಲ್ಲಿ ಆನ್‌ಲೈನ್ ಖರೀದಿ, ವಿದೇಶಿ ಬಳಕೆ, ಪಿನ್ ಇಲ್ಲದೆ ತಾಗಿಸಿ ಪಾವತಿಸುವುದು, ಇವುಗಳನ್ನು ಬೇರೆ ಬೇರೆಯಾಗಿ ಆರಿಸಿ ಮುಚ್ಚಬಹುದು. ಒಂದೊಂದಕ್ಕೂ ಮಿತಿಯನ್ನೂ ಹಾಕಬಹುದು. ತಾಗಿಸಿ ಪಾವತಿಗೆ ಪಿನ್ ಇಲ್ಲದೆ 5,000 ರೂಪಾಯಿವರೆಗೆ ಅವಕಾಶವಿದೆ. ಕಾರ್ಡ್ ಕಳೆದರೆ ಮೊದಲ ನಷ್ಟ ಅದೇ. ಹಣ ತೆಗೆಯಲು ಮಾತ್ರ ಕಾರ್ಡ್ ಬಳಸುವವರು ಈ ಮೂರನ್ನೂ ಮುಚ್ಚಿ, ದಿನದ ಮಿತಿಯನ್ನು 5,000ಕ್ಕೆ ಇಳಿಸಲಿ.

ನೆಟ್ ಬ್ಯಾಂಕಿಂಗ್ ಮೇಲೋ, ಆ್ಯಪ್ ಮೇಲೋ

ನೆಟ್ ಬ್ಯಾಂಕಿಂಗ್‌ಗೆ ಹೆಸರು, ಪಾಸ್‌ವರ್ಡ್ ಇದ್ದರೆ ಯಾವ ಕಂಪ್ಯೂಟರಿನಿಂದಲೂ ಒಳಗೆ ಹೋಗಬಹುದು. ಹೆಚ್ಚಿನ ಬ್ಯಾಂಕುಗಳ ಆ್ಯಪ್ ಹಾಗಲ್ಲ. ಖಾತೆಗೆ ಜೋಡಿಸಿದ ಸಿಮ್ ಇರುವ ಆ ಒಂದು ಫೋನಿನಲ್ಲಿ ಮಾತ್ರ ತೆರೆದುಕೊಳ್ಳುತ್ತದೆ. ಕದ್ದ ಪಾಸ್‌ವರ್ಡ್ ಒಂದರಿಂದಲೇ ದೂರದಲ್ಲಿ ಕೂತು ಅದರೊಳಗೆ ಹೋಗಲಾಗದು. ಈ ಒಂದು ಕಾರಣಕ್ಕೆ, ಕಂಪ್ಯೂಟರ್ ಅಭ್ಯಾಸವಿಲ್ಲದ ಹಿರಿಯರಿಗೆ ಆ್ಯಪ್ ಮೇಲು. ಸೈಬರ್ ಸೆಂಟರಿನಲ್ಲಿ ನೆಟ್ ಬ್ಯಾಂಕಿಂಗ್ ತೆರೆಯುವುದಂತೂ ಬೇಡವೇ ಬೇಡ.

ಆದರೆ ಆ್ಯಪ್ ಇರುವ ಫೋನೇ ವಶವಾದರೆ ಎಲ್ಲ ಒಟ್ಟಿಗೆ ಹೋಗುತ್ತದೆ, ಓಟಿಪಿ ಬರುವುದೂ ಅದೇ ಫೋನಿಗೆ ತಾನೆ. ವಾಟ್ಸ್ಯಾಪಿನಲ್ಲಿ ಮದುವೆ ಆಮಂತ್ರಣ, ಸಂಚಾರ ದಂಡದ ಚಲನ್, ಪಿಎಂ ಕಿಸಾನ್ ಎಂಬ ಹೆಸರಿನಲ್ಲಿ ಬರುವ ಎಪಿಕೆ ಫೈಲ್ ಇದನ್ನೇ ಮಾಡುತ್ತದೆ. ಒತ್ತಿದರೆ ಅದೊಂದು ಆ್ಯಪ್ ಆಗಿ ಕೂತು, ಮೆಸೇಜ್ ಓದುವ ಅನುಮತಿ ಕೇಳಿ, ಬಂದ ಓಟಿಪಿಯನ್ನೆಲ್ಲ ಹೊರಗೆ ಕಳಿಸುತ್ತದೆ. ಆಮಂತ್ರಣ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ, ಹೆಸರಿನ ಕೊನೆಯಲ್ಲಿ ಎಪಿಕೆ ಇರುವ ಆಮಂತ್ರಣ ಇರುವುದಿಲ್ಲ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ‘ಅಪರಿಚಿತ ಮೂಲದ ಆ್ಯಪ್’ ಹಾಕಿಕೊಳ್ಳುವ ಅನುಮತಿಯನ್ನು ವಾಟ್ಸ್ಯಾಪಿಗೂ ಬ್ರೌಸರಿಗೂ ತೆಗೆದುಬಿಡಿ. ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ಪರದೆ ಹಂಚುವ ಆ್ಯಪ್ ಹಿರಿಯರ ಫೋನಿನಲ್ಲಿ ಇರಲೇಬಾರದು. ವಾಟ್ಸ್ಯಾಪ್ ವಿಡಿಯೊ ಕರೆಯಲ್ಲೂ ಪರದೆ ಹಂಚಬಹುದು ಎಂಬುದು ಗೊತ್ತಿರಲಿ.

ಕಂಪ್ಯೂಟರಿನಲ್ಲಿ ದೊಡ್ಡ ಅಕ್ಷರ ಕಾಣುತ್ತದೆ, ನೆಟ್ ಬ್ಯಾಂಕಿಂಗ್ ಇರಲಿ ಎನ್ನುವವರು ಎರಡು ಕೆಲಸ ಮಾಡಲಿ. ಒಂದು, ಶಾಖೆಯಲ್ಲಿ ನೋಡುವ ಹಕ್ಕು ಮಾತ್ರ ಕೇಳಿ. ಸ್ಟೇಟ್ ಬ್ಯಾಂಕ್ ಸೇರಿ ಕೆಲವು ಬ್ಯಾಂಕುಗಳು ಇದನ್ನು ಕೊಡುತ್ತವೆ. ಬ್ಯಾಲೆನ್ಸ್, ಬಡ್ಡಿ ಎಲ್ಲ ನೋಡಬಹುದು, ಹಣ ಕಳಿಸಲಾಗದು. ಅತಿ ಎಚ್ಚರದವರಿಗೆ ಇದಕ್ಕಿಂತ ಒಳ್ಳೆಯ ಆನ್‌ಲೈನ್ ಸೌಲಭ್ಯ ಇಲ್ಲ, ಆದರೆ ಇದನ್ನು ಕೇಳಿ ಪಡೆಯುವವರು ಕಡಿಮೆ. ಎರಡು, ವಿಳಾಸ ಓದುವುದನ್ನು ಕಲಿಯಿರಿ. ರಿಸರ್ವ್ ಬ್ಯಾಂಕಿನ ಆದೇಶದಂತೆ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಬದಲಾಗಬೇಕಿತ್ತು. ಈ ಕೊನೆಯನ್ನು ಬ್ಯಾಂಕುಗಳಿಗೆ ಮಾತ್ರ ಕೊಡುತ್ತಾರೆ. ಅದರ ನಂತರ ಓರೆಗೆರೆ ಬರಬಹುದು. ಓರೆಗೆರೆಗೆ ಮೊದಲು ಇನ್ನೊಂದು ಡಾಟ್ ಅಥವಾ ಅಡ್ಡಗೆರೆ ಸೇರಿ ಬೇರೆ ಪದ ಬಂದರೆ ಅದು ನಕಲಿ.

ಗ್ರಾಹಕ ಸೇವೆಯ ನಂಬರನ್ನು ಗೂಗಲ್‌ನಲ್ಲಿ ಹುಡುಕುವುದು ಇನ್ನೊಂದು ಗುಂಡಿ. ವಂಚಕರು ತಮ್ಮ ನಂಬರನ್ನೇ ಅಲ್ಲಿ ತೇಲಿಬಿಟ್ಟಿರುತ್ತಾರೆ. ಕಾರ್ಡಿನ ಹಿಂಬದಿ ಅಥವಾ ಪಾಸ್‌ಬುಕ್ಕಿನಲ್ಲಿರುವ ನಂಬರನ್ನು ಈಗಲೇ ಫೋನಿನಲ್ಲಿ ಉಳಿಸಿಡಿ. ಬ್ಯಾಂಕುಗಳು ಗ್ರಾಹಕರಿಗೆ ಮಾಡುವ ಸೇವಾ ಕರೆಗೆ 1600ರಿಂದ ಶುರುವಾಗುವ ಸರಣಿ ಮೀಸಲಾಗಿದೆ. ಹತ್ತು ಅಂಕಿಯ ಸಾಮಾನ್ಯ ಮೊಬೈಲ್ ನಂಬರಿನಿಂದ ‘ಬ್ಯಾಂಕ್ ಮ್ಯಾನೇಜರ್’ ಮಾತಾಡಿದರೆ ಇಟ್ಟುಬಿಡಿ.

ದೊಡ್ಡ ಮೊತ್ತ ಕಳಿಸುವಾಗ, ಹಣವನ್ನು ತಕ್ಷಣ ತಲುಪಿಸುವ ಐಎಂಪಿಎಸ್ ಮತ್ತು ಯುಪಿಐಗಿಂತ ಸ್ವಲ್ಪ ತಡವಾಗಿ ತಲುಪಿಸುವ ನೆಫ್ಟ್ ಎಚ್ಚರದವರಿಗೆ ಹೊಂದುತ್ತದೆ. ಹಣ ಪಡೆಯುವವರನ್ನು (ಫಲಾನುಭವಿ) ಹೊಸದಾಗಿ ಸೇರಿಸಿದ ಮೇಲೆ ಎಷ್ಟೋ ಬ್ಯಾಂಕುಗಳು ಕೆಲವು ತಾಸು ಕಾಯಿಸುತ್ತವೆ ಅಥವಾ ಮೊತ್ತಕ್ಕೆ ಮಿತಿ ಹಾಕುತ್ತವೆ. ಇದು ಬೇಸರ ತರಿಸಿದರೂ, ಆತುರ ಹುಟ್ಟಿಸಿಯೇ ಗೆಲ್ಲುವ ವಂಚಕರಿಗೆ ಅಡ್ಡಿ. 2025ರ ಏಪ್ರಿಲ್‌ನಿಂದ ನೆಫ್ಟ್ ಮತ್ತು ಆರ್‌ಟಿಜಿಎಸ್‌ನಲ್ಲೂ ಕಳಿಸುವ ಮೊದಲು ಆಚೆಯವರ ಹೆಸರು ನೋಡುವ ವ್ಯವಸ್ಥೆ ಬಂದಿದೆ. ಹೆಸರು ಹೊಂದದಿದ್ದರೆ ಅಲ್ಲೇ ನಿಲ್ಲಿಸಿ.

ಯುಪಿಐ: ಯಾವ ರೂಪದಲ್ಲಿ?

ಯುಪಿಐ ಬಗ್ಗೆ ಒಂದೇ ಒಂದು ನಿಯಮ ಬಾಯಿಪಾಠವಾದರೆ ಅರ್ಧ ಮೋಸ ತಪ್ಪುತ್ತದೆ: ಪಿನ್ ಒತ್ತುವುದು ಹಣ ಕೊಡಲು ಮತ್ತು ಬ್ಯಾಲೆನ್ಸ್ ನೋಡಲು ಮಾತ್ರ. ಹಣ ಬರಬೇಕಾದರೆ ಪಿನ್ ಬೇಡ, ಕ್ಯೂಆರ್ ಸ್ಕ್ಯಾನ್ ಬೇಡ, ಲಿಂಕ್ ಒತ್ತುವುದೂ ಬೇಡ. ಹಳೆಯ ಸೋಫಾ ಮಾರಾಟಕ್ಕಿಟ್ಟವರಿಗೆ ‘ಹಣ ಕಳಿಸ್ತೀನಿ, ಈ ಕೋಡ್ ಸ್ಕ್ಯಾನ್ ಮಾಡಿ’ ಎನ್ನುವುದು ಈ ಗೊಂದಲದ ಮೇಲೇ ನಿಂತ ಮೋಸ. ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ‘ಹಣ ಕೊಡಿ’ ಎಂಬ ಕೋರಿಕೆ ಕಳಿಸುವ ಸೌಲಭ್ಯವನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಾರೆ. ಅಂಗಡಿ, ಸಂಸ್ಥೆಗಳ ಕೋರಿಕೆ ಈಗಲೂ ಬರುತ್ತದೆ, ಆದ್ದರಿಂದ ಯಾರದೆಂದು ಓದಬೇಕು.

ಸಾಮಾನ್ಯ ಯುಪಿಐನಲ್ಲಿ ದಿನಕ್ಕೆ 1 ಲಕ್ಷದವರೆಗೆ ಹೋಗಬಹುದು. ತರಕಾರಿ, ಹಾಲು, ಔಷಧಿಗೆ ಅಷ್ಟು ಬೇಕಿಲ್ಲ. ಅದಕ್ಕೆ ಯುಪಿಐ ಲೈಟ್ ಸಾಕು: ಫೋನಿನಲ್ಲಿ ಒಟ್ಟು 5,000 ರೂಪಾಯಿವರೆಗೆ ತುಂಬಿಡಬಹುದು, ಒಂದು ಸಲಕ್ಕೆ 1,000 ರೂಪಾಯಿವರೆಗೆ ಪಿನ್ ಇಲ್ಲದೆ ಕೊಡಬಹುದು. ಸಂತೆಯಲ್ಲಿ ನಾಲ್ಕು ಜನರ ಮುಂದೆ ಪಿನ್ ಒತ್ತುವ ಪ್ರಮೇಯ ಬರುವುದಿಲ್ಲ. ಫೋನ್ ಕಳೆದರೆ ಲೈಟ್‌ನಲ್ಲಿದ್ದ ಹಣ ಹೋಗಬಹುದು, ಹಾಗಾಗಿ ಫೋನಿಗೆ ಸ್ಕ್ರೀನ್ ಲಾಕ್ ಬೇಕೇ ಬೇಕು.

ಬಟನ್ ಫೋನ್ ಬಿಡಲೊಲ್ಲದವರಿಗೆ ಯುಪಿಐ 123ಪೇ ಇದೆ. ಕರೆ ಮಾಡಿ, ಹೇಳಿದಂತೆ ಅಂಕಿ ಒತ್ತಿ ಹಣ ಕಳಿಸಬಹುದು. ಒಂದು ಸಲದ ಮಿತಿ 10,000 ರೂಪಾಯಿ. ಇಂಥ ಫೋನಿಗೆ ಎಪಿಕೆಯ ಕಾಟವಿಲ್ಲ, ಪರದೆ ಹಂಚುವ ಮಾತೇ ಇಲ್ಲ. ನಂಬರ್ ತಪ್ಪು ಒತ್ತಿದರೆ ತಿದ್ದಿಕೊಳ್ಳುವುದು ಮಾತ್ರ ಕಷ್ಟ.

ಮಕ್ಕಳು ದೂರದಲ್ಲಿರುವ ಮನೆಗಳಲ್ಲಿ ಒಂದು ಅಭ್ಯಾಸ ಬೆಳೆದಿದೆ: ಅಪ್ಪನ ಪಿನ್ನು, ಪಾಸ್‌ವರ್ಡು ಮಗನ ಬಳಿ, ಅಮೆರಿಕದಲ್ಲೋ ಪುಣೆಯಲ್ಲೋ. ಪ್ರೀತಿಯಿಂದಲೇ ಮಾಡಿದ್ದು, ಆದರೆ ನಾಳೆ ಹಣ ಹೋದರೆ ‘ಗುಟ್ಟನ್ನು ಬೇರೆಯವರಿಗೆ ಕೊಟ್ಟಿದ್ದೀರಿ’ ಎಂದು ಬ್ಯಾಂಕ್ ಕೈ ತೊಳೆದುಕೊಳ್ಳಲು ಕಾರಣವಾಗುತ್ತದೆ. ಇದಕ್ಕೆ ಸರಿಯಾದ ದಾರಿ, ಮಗನೂ ಜಂಟಿ ಖಾತೆದಾರನಾಗಿ ತನ್ನದೇ ಲಾಗಿನ್ ಪಡೆಯುವುದು. ದಿನದ ಖರ್ಚಿಗಾದರೆ 2024ರಲ್ಲಿ ಬಂದ ಯುಪಿಐ ಸರ್ಕಲ್ ಇದೆ. ಮಗಳು ತನ್ನ ಯುಪಿಐನಲ್ಲಿ ಅಮ್ಮನನ್ನು ಸೇರಿಸಿದರೆ, ಅಮ್ಮ ಸ್ಕ್ಯಾನ್ ಮಾಡಿದಾಗ ಹಣ ಹೋಗುವುದು ಮಗಳ ಖಾತೆಯಿಂದ. ಪೂರ್ಣ ಅನುಮತಿ ಕೊಟ್ಟರೆ ತಿಂಗಳಿಗೆ 15,000, ಒಂದು ಸಲಕ್ಕೆ 5,000 ರೂಪಾಯಿ ಮಿತಿ. ಭಾಗಶಃ ಅನುಮತಿಯಾದರೆ ಪ್ರತಿ ಪಾವತಿಗೂ ಮಗಳು ಪಿನ್ ಒತ್ತಬೇಕು. ಅಮ್ಮನ ಸ್ವಂತ ಖಾತೆಗೆ ಯುಪಿಐ ಸೋಂಕೇ ತಗಲುವುದಿಲ್ಲ. ಸ್ವಾಭಿಮಾನಿ ಅಮ್ಮಂದಿರು ಒಪ್ಪುವುದು ಕಷ್ಟ ಎಂಬುದೂ ನಿಜ; ಅಂಥವರಿಗೆ ಚಿಕ್ಕ ಖಾತೆಯ ಯುಪಿಐ ಲೈಟೇ ಇರಲಿ.

ಯಾರಿಗೆ ಯಾವುದು

ಶಾಖೆ ನಡೆದುಹೋಗುವಷ್ಟು ಹತ್ತಿರವಿದ್ದು, ತಿಂಗಳಿಗೆ ಎರಡು ಸಲ ಹಣ ತೆಗೆದರೆ ಸಾಕು ಎನ್ನುವವರಿಗೆ ಶಾಖೆ, ಮೆಸೇಜ್ ಸೂಚನೆ ಮತ್ತು ಎಇಪಿಎಸ್ ಬಂದ್, ಇಷ್ಟು ಸಾಕು. ಪೇಟೆಯಲ್ಲಿದ್ದು ವಿದ್ಯುತ್ ಬಿಲ್ಲು, ಗ್ಯಾಸು, ಔಷಧಿ ತಾವೇ ನೋಡಿಕೊಳ್ಳುವವರಿಗೆ ದೊಡ್ಡ ಖಾತೆಯಲ್ಲಿ ನೋಡುವ ಹಕ್ಕಿನ ನೆಟ್ ಬ್ಯಾಂಕಿಂಗ್, ಚಿಕ್ಕ ಖಾತೆಯಲ್ಲಿ ಆ್ಯಪ್ ಮತ್ತು ಯುಪಿಐ ಲೈಟ್. ಮರೆವು ಶುರುವಾಗಿರುವವರಿಗೆ ಕಾರ್ಡೂ ಬೇಡ, ಸ್ವಂತ ಯುಪಿಐಯೂ ಬೇಡ. ಬಿಲ್ಲುಗಳು ಖಾತೆಯಿಂದ ತಾವಾಗಿ ಹೋಗಲಿ, ಕೈಖರ್ಚಿಗೆ ನಗದು ಅಥವಾ ಸರ್ಕಲ್ ಇರಲಿ. ಕಣ್ಣು ಮಂಜಾದವರಿಗೆ ಆ್ಯಪ್‌ಗಿಂತ ಕಂಪ್ಯೂಟರ್ ಅಥವಾ 123ಪೇ.

ಹಣ ಹೋದರೆ

ಇಲ್ಲಿ ಎಲ್ಲ ದಾರಿಗಳೂ ಒಂದೇ ಅಲ್ಲ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಹಾಕಿಕೊಟ್ಟ ಲೆಕ್ಕದಂತೆ, ನಿಮ್ಮ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರಿಂದ ಹಣ ಹೋಗಿದ್ದು, ಮೆಸೇಜು ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. ನಾಲ್ಕರಿಂದ ಏಳು ಕೆಲಸದ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಗೆ ನಿಮ್ಮ ಪಾಲು ಹೆಚ್ಚೆಂದರೆ 10,000 ರೂಪಾಯಿ, ಕನಿಷ್ಠ ಬ್ಯಾಲೆನ್ಸ್ ಬೇಡದ ಮೂಲ ಉಳಿತಾಯ ಖಾತೆಗೆ 5,000. ಏಳು ದಿನ ದಾಟಿದರೆ ಬ್ಯಾಂಕಿನ ನೀತಿಯಂತೆ. ಬೆರಳಚ್ಚು ನಕಲು ಮಾಡಿ ತೆಗೆದದ್ದು ಈ ರಕ್ಷಣೆಯಡಿ ಬರುತ್ತದೆ. ನೀವೇ ಓಟಿಪಿ ಹೇಳಿದ್ದರೆ ಅಥವಾ ಪಿನ್ ಕೊಟ್ಟಿದ್ದರೆ, ತಿಳಿಸುವ ತನಕ ಆದ ನಷ್ಟ ನಿಮ್ಮದೇ. ತಿಳಿಸಿದ ನಂತರ ಹೋದದ್ದು ಬ್ಯಾಂಕಿನದು. ಆದ್ದರಿಂದ ನಾಚಿಕೆಪಟ್ಟು ಮಕ್ಕಳಿಂದ ಮುಚ್ಚಿಟ್ಟಷ್ಟೂ ನಷ್ಟ ಬೆಳೆಯುತ್ತದೆ.

ಮೊದಲು ಕಾರ್ಡಿನ ಹಿಂದಿನ ನಂಬರಿಗೆ ಕರೆ ಮಾಡಿ ಖಾತೆ, ಕಾರ್ಡ್, ಯುಪಿಐ ಮೂರನ್ನೂ ನಿಲ್ಲಿಸಿ, ದೂರಿನ ಸಂಖ್ಯೆ ಮತ್ತು ಸಮಯ ಬರೆದುಕೊಳ್ಳಿ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಕಳ್ಳರ ಖಾತೆಯಿಂದ ಮುಂದಕ್ಕೆ ಹೋಗುವ ಮೊದಲು ತಡೆಹಿಡಿಯುವ ಪ್ರಯತ್ನ ಅಲ್ಲಿಂದ ಶುರುವಾಗುತ್ತದೆ, ಹಾಗಾಗಿ ಮೊದಲ ಒಂದೆರಡು ತಾಸೇ ಮುಖ್ಯ. ಖಾತೆ ಸಂಖ್ಯೆ, ಹೋದ ಮೊತ್ತ, ಸಮಯ, ಮೆಸೇಜಿನಲ್ಲಿರುವ ವ್ಯವಹಾರ ಸಂಖ್ಯೆ ಕೈಯಲ್ಲಿರಲಿ. ಫೋನಿಗೆ ಎಪಿಕೆ ಸೇರಿದೆ ಎಂಬ ಅನುಮಾನವಿದ್ದರೆ ಅದನ್ನು ಏರೋಪ್ಲೇನ್ ಮೋಡಿಗೆ ಹಾಕಿ ಬೇರೆ ಫೋನಿನಿಂದ ಮಾತಾಡಿ. ನೆಟ್‌ವರ್ಕ್ ಕಾರಣವಿಲ್ಲದೆ ಹೋಗಿ ಗಂಟೆಗಟ್ಟಲೆ ಬರದಿದ್ದರೂ ಹೀಗೇ ಮಾಡಿ. ನಿಮ್ಮ ಸಿಮ್ಮನ್ನು ಬೇರೆಯವರು ಪಡೆದಿರಬಹುದು. ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು ಕೊಡಿ, ಪ್ರತಿಯನ್ನು ಶಾಖೆಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ ಅಥವಾ ಕೊಟ್ಟ ಉತ್ತರ ಸರಿಯೆನಿಸದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಹೇಗೆಂದು ಕೇಳಲು 14448ಕ್ಕೆ ಕರೆ ಮಾಡಿ. ಆಮೇಲೆ ಯಾರಾದರೂ ಫೋನ್ ಮಾಡಿ ‘ನಿಮ್ಮ ಹಣ ವಾಪಸ್ ಕೊಡಿಸ್ತೀವಿ, ಸ್ವಲ್ಪ ಶುಲ್ಕ ಕಟ್ಟಿ’ ಎಂದರೆ ಅದು ಎರಡನೇ ಸುತ್ತಿನ ಮೋಸ. ನಿಮ್ಮ ನಂಬರು ಅವರ ಪಟ್ಟಿಯಲ್ಲಿ ಆಗಲೇ ಇರುತ್ತದೆ.